ಅಟ್ಟದ ಮೇಲಿನ ರಾಟಿ

ಕಳೆದ ಮಹಾನವಮಿಯ ಮರುದಿನ ಬಾದಾಮಿ ತಾಲೂಕಿನ ಕೆರೂರಿನಲ್ಲಿ ನಮ್ಮ ಮಠದ ಹಳೆಯ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕಾಗಿ ಹೋಗಬೇಕಾಗಿ ಬಂದಿತು. ಪಡಸಾಲೆಯಲ್ಲಿ ಕುಣಿಮಗ್ಗ. ಅದರ ಮರಕ್ಕೆ ಹಿಂದಿನ ದಿನದ ವಿಭೂತಿ ಇನ್ನೂ ಮಾಸಿರಲಿಲ್ಲ. ಚೆಂಡುಹೂವಿನ ಸರ ಬಾಡಿ ಜೋತುಬಿದ್ದಿದ್ದಿತು. ಆದರೆ ಮಗ್ಗದ ಮೇಲೆ ಹಾಸು ಇರಲಿಲ್ಲ. ಮನೆಯ ಹಿರಿಯರು ಎಪ್ಪತ್ತೈದು ದಾಟಿದವರು. ಮೀಸೆ ಮೂಡುವ ಮೊದಲೇ ಆ ಕುಣಿಯಲ್ಲಿ ಕಾಲಿಳಿಸಿ ಕುಳಿತವರು, ಕಣ್ಣು ಮಂದವಾದುದರಿಂದ ಎರಡು ವರ್ಷಗಳ ಹಿಂದೆ ನೇಯುವದನ್ನು ಬಿಟ್ಟಿರುವರು. ಮಗನು ಊರ ಹೊರಗೆ ನಾಲ್ಕು ವಿದ್ಯುತ್ ಮಗ್ಗಗಳನ್ನು ಹಾಕಿಕೊಂಡಿರುವನು.

ಆ ವಾರದಲ್ಲಿಯೇ ಹಳೆಯ ಸಾಮಾನುಗಳನ್ನು ಕೊಳ್ಳುವ ವ್ಯಾಪಾರಿಯೊಬ್ಬನು ಬಂದು ಹೋಗಿದ್ದನಂತೆ. ಮಗ್ಗದ ಮರ, ಅಟ್ಟದ ಮೇಲಿನ ರಾಟಿ, ಸವೆದ ಲಾಳಿ, ಎಲ್ಲಕ್ಕೂ ಕೂಡಿ ಒಳ್ಳೆಯ ಬೆಲೆ ಹೇಳಿದ್ದನು. ದೊಡ್ಡ ಊರುಗಳ ಹೊಟೇಲುಗಳಲ್ಲಿಯೂ ಶ್ರೀಮಂತರ ಪಡಸಾಲೆಗಳಲ್ಲಿಯೂ ಇಂಥವನ್ನು ಅಲಂಕಾರಕ್ಕಾಗಿ ಇಡುವ ಪದ್ಧತಿ ಈಗ ಬಂದಿರುವದು. ಮಗನಿಗೆ ಮಾರುವ ಮನಸ್ಸು. ತಂದೆಗೆ ಅಳುಕು.

“ಗುರುಗಳ, ಮೂರು ತಲಿಗೆ ಅನ್ನಾ ಕೊಟ್ಟ ಮಗ್ಗ ಐತ್ರಿ. ಮಾರಿದ್ರ ಪಾಪ ಬರ್ತದೇನ್ರಿ?” ಎಂದು ಅವರು ಕೇಳಿದರು.

ನಾನು ಉತ್ತರಕ್ಕಾಗಿ ಹೆಚ್ಚು ಯೋಚಿಸಲಿಲ್ಲ. ಪಾಠ ಹೇಳಿ ಅಭ್ಯಾಸವಾದ ನಾಲಗೆಯು ಯೋಚನೆಗಿಂತ ಮುಂದೆ ಓಡುವದುಂಟು. “ಅಜ್ಜಾರ, ಮಗ್ಗವೆಂದರೆ ಕಾಯಕದ ಮೂರ್ತಿ. ಅನ್ನವಿತ್ತುದನ್ನು ಮಾರಬಾರದು. ಅಟ್ಟದ ಮೇಲಿಟ್ಟು ವರ್ಷಕ್ಕೊಮ್ಮೆ ಪೂಜಿಸಿರಿ” ಎಂದುಬಿಟ್ಟೆನು. ಹಿರಿಯರು ತಲೆದೂಗಿದರು. ಮಗನು ಮುಖ ಕೆಳಗೆ ಮಾಡಿದನು. ಸಮಸ್ಯೆ ತೀರಿತೆಂದು ನಾನು ಕೈ ತೊಳೆಯಲು ಏಳುವಷ್ಟರಲ್ಲಿ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಮನೆಯ ಹಿರಿಯ ತಾಯಿಯವರು ಸೆರಗು ಸರಿಪಡಿಸಿಕೊಂಡು ನುಡಿದರು:

“ತಪ್ಪು ತಿಳೀಬ್ಯಾಡ್ರಿ ಮಾಸ್ತರ್ರ. ವರ್ಷಕ್ಕೊಮ್ಮಿ ರಾಟಿಗೆ ಇಬತ್ತಿ ಹಚ್ಚಿ ಕಾಯಿ ಒಡೀತಾರ. ಆ ರಾಟಿ ತಿರುವಿದ ಕೈಗೆ ಯಾರರ ಒಂದು ಹೂವರ ಏರಿಸ್ಯಾರೇನ್ರಿ? ಇವರು ಒಂದು ಸೀರಿ ನೇದರ ಇವರ ಹೆಸರಿಗೆ ಕೂಲಿ ಬರೀತಿದ್ರು. ಕಂಡಕಿ ಸುತ್ತಿದಾಕಿ ಹೆಸರು ಯಾವ ವಹಿಯೊಳಗ ಐತ್ರಿ?”

ಪಡಸಾಲೆಯಲ್ಲಿ ಯಾರೂ ಮಾತನಾಡಲಿಲ್ಲ. ಆ ದಿನ ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನವು ಆ ತಾಯಿಯ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರವೆಂದು ಸದ್ಭಕ್ತರು ತಿಳಿಯಬೇಕು. ಪೂರ್ಣವಾದ ಉತ್ತರವೆಂದು ನಾನು ಹೇಳಲಾರೆನು.

ಮೊದಲು ರಾಟಿಯ ವಿಷಯ. ಅದನ್ನು ಅಂದೇ ಅಟ್ಟದಿಂದ ಇಳಿಸಿ ಧೂಳೊರಸಿ ತಾಯಿಯವರು ನನಗೆ ತೋರಿಸಿದರು. ಐವತ್ತು ವರ್ಷ ದಾಟಿದ ನಾನು, ನೇಕಾರರ ನಾಡಿನಲ್ಲಿಯೇ ಹುಟ್ಟಿ ಬೆಳೆದ ನಾನು, ಅದು ಹೇಗೆ ಕೆಲಸ ಮಾಡುವದೆಂಬುದನ್ನು ಅಂದಿನವರೆಗೆ ಅರಿತಿರಲಿಲ್ಲ. ನಮ್ಮ ಮನೆಯಲ್ಲಿಯೂ ಅಜ್ಜಿಯ ಕಾಲದ ರಾಟಿಯೊಂದಿದ್ದಿತು. ಅದರ ಅಡಿಹಲಗೆಯು ಈಗ ನನ್ನ ಸಂಸ್ಕೃತ ಗ್ರಂಥಗಳ ಕೆಳಗೆ ಗೆದ್ದಲು ಹತ್ತದಂತೆ ಹಾಕಿದ ಮಣೆಯಾಗಿರುವದು.

ಹಳೆಯ ರಾಟಿಯ ಚಕ್ರಕ್ಕೆ ಬಂಡಿಯ ಗಾಲಿಗಿರುವಂತೆ ಸುತ್ತುಪಟ್ಟಿ ಇರುವದಿಲ್ಲ. ನಡುವಿನ ದಿಂಡಿಗೆ ಎರಡು ಸಾಲಾಗಿ ತೆಳುವಾದ ಹಲಗೆಗಳನ್ನು ಜೋಡಿಸಿ, ಈ ಸಾಲಿನ ತುದಿಯಿಂದ ಆ ಸಾಲಿನ ತುದಿಗೆ ದಾರವನ್ನು ಅಡ್ಡಡ್ಡವಾಗಿ ಬಿಗಿದಿರುವರು. ಆ ದಾರದ ಜಾಲವೇ ಚಕ್ರದ ಮೈ. ಆದುದರಿಂದ ಅದು ಬಹು ಹಗುರ, ಮಗುವೂ ತಿರುಗಿಸಬಹುದು. ಆ ಮೈಯ ಮೇಲೆ ಹಾಯ್ದು ಬರುವ ಉದ್ದನೆಯ ಹುರಿಯೊಂದು ಎದುರಿನ ಎರಡು ಗೂಟಗಳ ನಡುವೆ ಅಡ್ಡಲಾಗಿ ನಿಂತ ಕಬ್ಬಿಣದ ಕದಿರನ್ನು ತಿರುಗಿಸುವದು. ಚಕ್ರದ ಅಡ್ಡಳತೆ 24 ಅಂಗುಲವೆಂದೂ ಕದಿರಿನಲ್ಲಿ ಹುರಿ ಓಡುವ ಜಾಗದ ಅಡ್ಡಳತೆ ಅರ್ಧ ಅಂಗುಲವೆಂದೂ ಇಟ್ಟುಕೊಂಡರೆ, ಕೈ ಒಂದು ಸುತ್ತು ತಿರುಗಿದಾಗ ಕದಿರು 48 ಸುತ್ತು ತಿರುಗಬೇಕು. ಹುರಿ ಜಾರುವದರಿಂದ ಲೆಕ್ಕ ಸ್ವಲ್ಪ ಕಡಿಮೆಯಾದೀತು. ಅಷ್ಟೇ ಯಂತ್ರ. ಇನ್ನುಳಿದುದೆಲ್ಲವೂ ಎಡಗೈಯಲ್ಲಿದೆ.

ಬಲಗೈ ಚಕ್ರವನ್ನು ತಿರುಗಿಸುತ್ತಿರುವಾಗ ಎಡಗೈ ಅರಳೆಯ ಹಂಜಿಯನ್ನು ಹಿಡಿದು ಹಿಂದಕ್ಕೆ ಸರಿಯುವದು. ಎಳೆಯು ಕದಿರಿನ ತುದಿಗೆ ಓರೆಯಾಗಿ ನಿಂತಾಗ ಪ್ರತಿ ಸುತ್ತಿಗೂ ತುದಿಯಿಂದ ಜಾರಿ ಜಾರಿ ಬಿಡುವದು. ಒಂದೊಂದು ಜಾರಿಕೆಯೂ ಎಳೆಗೆ ಒಂದೊಂದು ಹುರಿಯನ್ನು ಕೊಡುವದು. ಹುರಿ ಕಡಿಮೆಯಾದರೆ ಎಳೆ ಬಿಟ್ಟುಹೋಗುವದು, ಹೆಚ್ಚಾದರೆ ಮುರುಟಿಕೊಳ್ಳುವದು. ಅದನ್ನು ಅಳೆಯುವ ಸಾಧನ ಹೆಬ್ಬೆರಳು ತೋರುಬೆರಳುಗಳ ಸ್ಪರ್ಶವೊಂದೇ. ತೋಳು ಹಿಂದೆ ಸರಿದು ಚಾಚುವಷ್ಟು ಚಾಚಿದ ಮೇಲೆ ಚಕ್ರವನ್ನು ಒಮ್ಮೆ ನಿಲ್ಲಿಸಿ, ಕೊಂಚವೇ ಹಿಂದಕ್ಕೆ ತಿರುಗಿಸಬೇಕು. ಈ ಹಿಂತಿರುವಿನಿಂದ ತುದಿಗೆ ಸುತ್ತಿದ ಎಳೆ ಬಿಚ್ಚಿಕೊಳ್ಳುವದು. ಬಳಿಕ ಎಳೆಯನ್ನು ಕದಿರಿಗೆ ಅಡ್ಡಲಾಗಿ ಹಿಡಿದು ಮುಂದಕ್ಕೆ ತಿರುಗಿಸಿದರೆ ನೂತದ್ದು ಕದಿರಿಗೆ ಸುತ್ತಿಕೊಳ್ಳುವದು. ಮತ್ತೆ ಹಂಜಿ, ಮತ್ತೆ ಓರೆ, ಮತ್ತೆ ಹಿಂತಿರುವು. ನಾನು ಪ್ರಯತ್ನಿಸಿದೆನು. ಹಿಂದಕ್ಕೆ ತಿರುಗಿಸುವದನ್ನು ಪ್ರತಿ ಸಾರಿಯೂ ಮರೆತೆನು. ಪ್ರತಿ ಸಾರಿಯೂ ಎಳೆ ಹರಿಯಿತು. ತಾಯಿಯವರು ನಗಲಿಲ್ಲ. ಅವರ ಮೊಮ್ಮಗಳು ನಕ್ಕಳು.

ವಿಚಾರಕ್ಕೆ ಬಂದ ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡುವೆನು. ನೂಲಿನ ನಂಬರೆಂದು ಅಂಗಡಿಯಲ್ಲಿ ಹೇಳುತ್ತಾರಲ್ಲವೇ, ಅದು 840 ಗಜದ ಲಡಿಗಳು ಒಂದು ಪೌಂಡಿಗೆ ಎಷ್ಟು ಬರುವವೆಂಬ ಲೆಕ್ಕ. ಇಪ್ಪತ್ತನೆಯ ನಂಬರಿನ ನೂಲು ಒಂದು ಪೌಂಡೆಂದರೆ 16,800 ಗಜ. ಅಷ್ಟು ಎಳೆಯನ್ನು ತೋಳಳತೆ ತೋಳಳತೆಯಾಗಿ ಹಿಂದೆ ಸರಿದು, ನಿಲ್ಲಿಸಿ, ಹಿಂತಿರುಗಿಸಿ, ಸುತ್ತಿ ತೆಗೆಯಬೇಕು. ನಮ್ಮ ಹಿಂದಿನವರು ಉಟ್ಟ ಪ್ರತಿಯೊಂದು ಧೋತರದ ಹಿಂದೆ ಈ ಲೆಕ್ಕವಿದ್ದಿತು. ಅದನ್ನು ಹಿಡಿದಿಟ್ಟವರು ಇಲ್ಲ.

ಆದರೆ ಕೆರೂರಿನ ಆ ರಾಟಿಯು ತಾಯಿಯವರ ಕಾಲದಲ್ಲಿ ನೂಲುವ ರಾಟಿಯಾಗಿ ಉಳಿದಿರಲಿಲ್ಲ. ಮೊದಲು ವಿಲಾಯತಿಯ ನೂಲು, ಬಳಿಕ ಮುಂಬಯಿಯ ಗಿರಣಿಗಳ ನೂಲು, 19ನೆಯ ಶತಮಾನದ ಕೊನೆಯ ಭಾಗದಲ್ಲಿ ನಮ್ಮದೇ ಗೋಕಾವಿಯ ಜಲಪಾತದ ಬಳಿ ಎದ್ದ ಗಿರಣಿಯ ನೂಲು, ಹೀಗೆ ಒಂದರ ಮೇಲೊಂದು ಬಂದು ಕೈನೂಲನ್ನು ಮಗ್ಗದಿಂದ ಕೆಳಗಿಳಿಸಿದವು. ನೂಲುವದು ನಿಂತಿತು, ರಾಟಿ ಮಾತ್ರ ನಿಲ್ಲಲಿಲ್ಲ. ಲಾಳಿಯೊಳಗಿನ ಕಂಡಿಕೆಗೆ ಹೊಕ್ಕಿನ ನೂಲನ್ನು ಸುತ್ತುವ ಕೆಲಸಕ್ಕೆ ಅದೇ ಚಕ್ರ, ಅದೇ ಕದಿರು ಉಪಯೋಗಕ್ಕೆ ಬಂದವು. ಕುಳಿತವಳೂ ಅವಳೇ.

ಇನ್ನು ಮಗ್ಗ. ಕುಣಿಮಗ್ಗವೆಂದರೆ ನೆಲದಲ್ಲಿ ತೋಡಿದ ಕುಣಿಯ ಅಂಚಿಗೆ ನೇಕಾರನು ಕುಳಿತು ಕಾಲುಗಳನ್ನು ಕೆಳಗಿಳಿಸಿ ತುಳಿಗೆಗಳನ್ನು ಒತ್ತುವ ಮಗ್ಗ. ನೆಲದ ಮಟ್ಟಕ್ಕೆ ಹಾಸು ಇರುವದರಿಂದ ಮಣ್ಣಿನ ತಂಪು ಎಳೆಗಳಿಗೆ ತಾಗುವದು. ಒಣಗಾಳಿಯ ನಮ್ಮ ಸೀಮೆಯಲ್ಲಿ ಹತ್ತಿಯ ಎಳೆ ಹರಿಯದಿರಲು ಈ ತಂಪೇ ಕಾರಣ. ಒಂದು ತುಳಿಗೆಯನ್ನು ಒತ್ತಿದರೆ ಹಾಸಿನ ಅರ್ಧ ಎಳೆಗಳು ಮೇಲೇಳುವವು, ಉಳಿದರ್ಧ ಕೆಳಗಿಳಿಯುವವು. ನಡುವೆ ಬಾಯಿ ತೆರೆದಂತಾಗುವದು; ಆ ಬಾಯಿಯೊಳಗೆ ಲಾಳಿ ಹಾಯುವದು; ಹಣಿಗೆಯು ಬಂದು ಹೊಕ್ಕನ್ನು ಬಡಿದು ಕೂಡಿಸುವದು. ಇನ್ನೊಂದು ತುಳಿಗೆಯಿಂದ ಮೇಲಿನವು ಕೆಳಗೆ, ಕೆಳಗಿನವು ಮೇಲೆ. ಇಂಗ್ಲೆಂಡಿನ ಜಾನ್ ಕೇ ಎಂಬುವನು 1733ರಲ್ಲಿ ಹಗ್ಗವೆಳೆದರೆ ತಾನೇ ಓಡುವ ಲಾಳಿಯನ್ನು ಕಂಡುಹಿಡಿಯುವವರೆಗೆ ಜಗತ್ತಿನ ಲಾಳಿಗಳೆಲ್ಲವೂ ಕೈಯಿಂದ ಕೈಗೆ ಹೋದವುಗಳೇ.

ಇಳಕಲ್ಲಿನ ಸೀರೆಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಕೆಲಸವೊಂದುಂಟು. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೈಗೆ ಹತ್ತಿ, ಸೆರಗಿಗೆ ರೇಶಿಮೆ. ಎರಡನ್ನೂ ಗಂಟು ಹಾಕುವದಿಲ್ಲ. ಮೈಯ ಎಳೆಯ ಮಡಿಕೆಯೊಳಗೆ ಸೆರಗಿನ ಎಳೆಯ ಮಡಿಕೆಯನ್ನು ತೊಡಕಿಸಿ ಕೊಂಡಿ ಹಾಕುವರು. ಸೀರೆಯ ಅಗಲದಲ್ಲಿ ಎಷ್ಟು ಎಳೆಗಳೋ ಅಷ್ಟು ಕೊಂಡಿಗಳು. ಹೀಗಾಗಿ ಒಂದು ಸೀರೆಗೆ ಬೇಕಾದಷ್ಟು ಹಾಸನ್ನೇ ಒಂದು ಸಾರಿಗೆ ಸಿದ್ಧಪಡಿಸಬೇಕು. ಬೇರೆ ಮಗ್ಗಗಳಂತೆ ಹತ್ತು ಇಪ್ಪತ್ತು ಸೀರೆಗಳ ಹಾಸನ್ನು ಒಟ್ಟಿಗೆ ಸುತ್ತಿಡುವಂತಿಲ್ಲ. ಈ ಕೊಂಡಿ ಹಾಕುವ ಕೆಲಸವೂ ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳದೇ. ಸೆರಗಿನ ತೋಪುತೆನೆಯನ್ನು ಕಂಡು ಹೊಗಳುವವರು ಅದಕ್ಕೂ ಮೈಗೂ ನಡುವೆ ಎಲ್ಲಿ ಕೊಂಡಿ ಬಿದ್ದಿದೆಯೆಂದು ಹುಡುಕಲಾರರು. ಹುಡುಕಿದರೂ ಕಾಣದಂತೆ ಹಾಕುವದೇ ಆ ಕೆಲಸದ ಜಾಣ್ಮೆ.

ಇಷ್ಟನ್ನು ಕಂಡ ಮೇಲೆ ಶರಣರ ಕಡೆಗೆ ತಿರುಗೋಣ. ನೇಕಾರರ ಕುಲಕ್ಕೆ ಆದಿಯಾದ ಶರಣನೆಂದರೆ ಮುದನೂರಿನ ಜೇಡರ ದಾಸಿಮಯ್ಯನವರು. ಅವರ ಕಥೆಯನ್ನು ನಮ್ಮ ಮಠದ ಶಾಲೆಯ ಮಕ್ಕಳೆಲ್ಲರೂ ಬಲ್ಲರು. ಬಹುಕಾಲ ಶ್ರಮಪಟ್ಟು ನೇಯ್ದ ಬಟ್ಟೆಯನ್ನು ಸಂತೆಗೆ ಒಯ್ದರು, ಕೊಳ್ಳುವವರು ದೊರೆಯಲಿಲ್ಲ; ಹಿಂದಿರುಗುವ ದಾರಿಯಲ್ಲಿ ಮುದುಕನಾದ ಜಂಗಮನೊಬ್ಬನು ಚಳಿಯೆಂದು ಬೇಡಿದನು; ಕೊಟ್ಟರು. ಅವನು ಅವರ ಕಣ್ಣೆದುರಿಗೇ ಅದನ್ನು ಹರಿದು ಚಿಂದಿ ಮಾಡಿದನು. ದಾಸಿಮಯ್ಯನವರು ಕೋಪಗೊಳ್ಳಲಿಲ್ಲ. ಶಿವನು ಮೆಚ್ಚಿ ತವನಿಧಿಯನ್ನಿತ್ತನೆಂದು ಕಥೆಯು ಮುಗಿಯುವದು. ನಾವು ಸಾಮಾನ್ಯವಾಗಿ ತವನಿಧಿಯ ಮೇಲೆ ಗಮನವಿಡುವೆವು. ಆದರೆ ಕಥೆಯ ನಡುವನ್ನು ನೋಡಬೇಕು. ನೇಯ್ದವನ ಕಣ್ಣೆದುರಿಗೆ ನೇಯ್ದದ್ದು ಹರಿದುಹೋದರೂ ಕಾಯಕಕ್ಕೆ ಏನೂ ಆಗಲಿಲ್ಲ. ಬಟ್ಟೆಗೆ ಅಂಟಿಕೊಳ್ಳದವನು ಮಗ್ಗದ ಮರಕ್ಕೆ ಅಂಟಿಕೊಂಡಾನೇ?

ನುಲಿಯ ಚಂದಯ್ಯನವರ ಕಥೆಯಾದರೋ ಇನ್ನೂ ಕಠೋರವಾದುದು. ಹಗ್ಗ ಹೊಸೆಯಲು ಹುಲ್ಲು ಕೊಯ್ಯುತ್ತಿರುವಾಗ ಇಷ್ಟಲಿಂಗವೇ ನೀರಿಗೆ ಬಿದ್ದಿತು; ಅವರು ಹುಲ್ಲನ್ನು ಹೊತ್ತು ನಡೆದರು; ಲಿಂಗವೇ ಬೆನ್ನುಹತ್ತಿ ಬಂದಿತು. ಇದರ ಸಿದ್ಧಾಂತದ ತೊಡಕುಗಳನ್ನು ಇಲ್ಲಿ ಬಿಡಿಸುವದಿಲ್ಲ. ಬಲ್ಲವರು ಶೂನ್ಯಸಂಪಾದನೆಯಲ್ಲಿ ನೋಡಿಕೊಳ್ಳಬಹುದು. ಆದರೆ ಕಾಯಕದ ಎದುರಿಗೆ ಲಿಂಗಪೂಜೆಯೇ ಕಾಯುವದಾದರೆ, ಕಾಯಕವಿಲ್ಲದ ಮಗ್ಗಕ್ಕೆ ಪೂಜೆ ಮಾಡಿರೆಂದು ನಾನು ಹೇಳಿದುದು ಎಷ್ಟರಮಟ್ಟಿಗೆ ಶರಣಮಾರ್ಗವಾದೀತು? ನಡೆಯುವದನ್ನು ನಿಲ್ಲಿಸಿ ನಿಂತದ್ದನ್ನು ಪೂಜಿಸುವದು ಶರಣರು ಬಿಟ್ಟುಬಂದ ದಾರಿ. ಮರದ ಚೌಕಟ್ಟು ಗುಡಿಯಾಯಿತು, ಅಷ್ಟೇ ಭೇದ. ನನ್ನ ಉತ್ತರದ ಮೊದಲನೆಯ ತಪ್ಪು ಇದು.

ಎರಡನೆಯದು ಇದಕ್ಕಿಂತ ದೊಡ್ಡದು, ಅದನ್ನು ತೋರಿಸಿದವರು ಕದಿರ ರೆಮ್ಮವ್ವೆ.

ನೂಲುವದನ್ನೇ ಕಾಯಕವಾಗಿ ಮಾಡಿಕೊಂಡಿದ್ದ ಈ ಶರಣೆಯ ವಚನಗಳು ದೊರೆತಿರುವದು ಕೆಲವೇ. ಗುಮ್ಮೇಶ್ವರನೆಂಬ ಅಂಕಿತವುಳ್ಳ ಆ ವಚನಗಳಲ್ಲಿ ಒಂದು ಪೂರ್ತಿಯಾಗಿ ರಾಟಿಯ ಮೇಲೆಯೇ ಇರುವದು. ಅಡಿಯ ಹಲಗೆ ಮೊದಲಾದ ಭಾಗಗಳಲ್ಲಿ ತ್ರಿಮೂರ್ತಿಗಳನ್ನು ಕೂಡಿಸಿ, ಅರಿವನ್ನು ಕದಿರಾಗಿಯೂ ಭಕ್ತಿಯನ್ನು ತಿರುಗಿಸುವ ಕೈಯಾಗಿಯೂ ಅಲ್ಲಿ ಕಂಡಿರುವಳು. ಪಂಡಿತರಿಗೆ ಈ ವಚನದಲ್ಲಿ ಇನ್ನೊಂದು ಕಾರಣಕ್ಕಾಗಿಯೂ ಆಸಕ್ತಿಯಿರುವದು. ಹಿಂದೂಸ್ಥಾನದಲ್ಲಿ ನೂಲುವ ಚಕ್ರವು ಯಾವಾಗ ಬಂದಿತೆಂಬ ಚರ್ಚೆಯಲ್ಲಿ ಇತಿಹಾಸಕಾರ ಇರ್ಫಾನ್ ಹಬೀಬರು 1350ರ ಒಂದು ಪಾರಸಿ ಕಾವ್ಯದ ಉಲ್ಲೇಖವನ್ನು ಮುಂದಿಟ್ಟರು. ಆ ಕಾವ್ಯವು ಇಸಾಮಿಯೆಂಬ ಕವಿಯು ಬಹಮನಿಯ ಮೊದಲನೆಯ ಸುಲ್ತಾನನ ಆಶ್ರಯದಲ್ಲಿ ಬರೆದ ‘ಫುತೂಹ್-ಉಸ್-ಸಲಾತೀನ್’. ದಕ್ಷಿಣದ ನೇಕಾರರ ಚರಿತ್ರೆಯನ್ನು ಬರೆದ ವಿಜಯಾ ರಾಮಸ್ವಾಮಿಯವರು ರೆಮ್ಮವ್ವೆಯ ಕಡೆಗೆ ಬೆರಳು ತೋರಿಸಿದರು. ಅವಳ ಕಾಲವನ್ನು 12ನೆಯ ಶತಮಾನವೆಂದು ಒಪ್ಪಿದರೆ ಕನ್ನಡದ ರಾಟಿ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಹೋಗುವದು. ವಚನಗಳ ತಾಳೆಗರಿಗಳು ಬಹಳ ತಡವಾಗಿ ಬರೆಯಲ್ಪಟ್ಟವುಗಳಾದುದರಿಂದ ಒಪ್ಪದವರೂ ಇರಬಹುದು. ಕಾಲನಿರ್ಣಯ ಅವರಿಗೇ ಇರಲಿ. ನನಗೆ ಮುಖ್ಯವಾದುದು ಬೇರೆ. ಇಸಾಮಿಯು ರಾಟಿಯನ್ನು ನೆನೆದದ್ದು ದಿಲ್ಲಿಯನ್ನಾಳಿದ ರಜಿಯಾ ಸುಲ್ತಾನಳನ್ನು ಹಳಿಯುವ ಸಂದರ್ಭದಲ್ಲಿ: ಹೆಣ್ಣಿಗೆ ತಕ್ಕುದು ಸಿಂಹಾಸನವಲ್ಲ, ಚರಕವೆಂಬುದು ಅವನ ಅಭಿಪ್ರಾಯ. ಅವನಿಗೆ ರಾಟಿಯು ಹೆಣ್ಣನ್ನು ಕೂಡಿಸುವ ಜಾಗ. ರೆಮ್ಮವ್ವೆಯಾದರೋ ಅದೇ ಜಾಗದಲ್ಲಿ ಕುಳಿತು ಮೂರು ಲೋಕವನ್ನೂ ತನ್ನ ಚಕ್ರಕ್ಕೆ ಕಟ್ಟಿ ತಿರುಗಿಸಿದಳು.

ಆ ವಚನದ ಕೊನೆಯಲ್ಲಿ ಕದಿರು ತುಂಬಿತೆನ್ನುವಳು. ರಾಟಿಯನ್ನು ಇನ್ನು ತಿರುಗಿಸಲಾರೆನೆನ್ನುವಳು. ಗಂಡನು ಹೊಡೆದಾನೆಂಬ ಮಾತೂ ಬರುವದು. ಇಪ್ಪತ್ತೈದು ವರ್ಷಗಳಿಂದ ನಾನು ಈ ಭಾಗವನ್ನು ಮಕ್ಕಳಿಗೆ ಹೇಳಿಕೊಡುವಾಗ, ಶರಣ ಸತಿ, ಲಿಂಗ ಪತಿ, ಆದುದರಿಂದ ಇಲ್ಲಿ ಗಂಡನೆಂದರೆ ಪರಮಾತ್ಮನೇ ಎಂದು ವಿವರಿಸಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆನು. ಆ ಅರ್ಥವು ತಪ್ಪಲ್ಲ, ಪರಂಪರೆಯಿಂದ ಬಂದುದು. ಆದರೆ ಕೆರೂರಿನ ಪಡಸಾಲೆಯಿಂದ ಬಂದ ರಾತ್ರಿ ಅದನ್ನು ಮತ್ತೆ ಓದಿದಾಗ, ಹಗಲೆಲ್ಲ ರಾಟಿ ತಿರುಗಿಸಿ ತೋಳು ಸೋತ ಒಬ್ಬ ಹೆಣ್ಣುಮಗಳು ಮೊದಲು ಕಂಡಳು. ಪರಮಾರ್ಥವು ಅವಳ ದಣಿವಿನ ಮೇಲೆ ನಿಂತಿದೆ. ನಾನು ಪರಮಾರ್ಥವನ್ನು ಹೇಳಿದೆನು, ದಣಿವನ್ನು ಒರಸಿಹಾಕಿದೆನು. ವ್ಯಾಖ್ಯಾನಕಾರರಿಗೆ ಇದು ಸುಲಭವಾದ ಕೆಲಸ.

ದಾಸಿಮಯ್ಯನವರ ಪತ್ನಿ ದುಗ್ಗಳೆಯೂ ವಚನ ನುಡಿದ ಶರಣೆಯೇ. ಅವಳ ಅಂಕಿತದಲ್ಲಿ ಗಂಡನ ಹೆಸರೂ ಗಂಡನ ದೇವರ ಹೆಸರೂ ಕೂಡಿಬರುವವು. ಹರಿದುಹೋದ ಆ ಬಟ್ಟೆಗೆ ಕಂಡಿಕೆ ಸುತ್ತಿದವರಾರು? ನಾನು ಓದಿದ ಕಥೆಗಳಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿಲ್ಲ.

ಈಗ ಮಾರುವ ವಿಷಯ. ಮಗ್ಗವನ್ನು ಮಾರಿದರೆ ಪಾಪವೇ? ಕಾಯಕವೆಂಬುದು ಮಾಡುವವನ ಶ್ರಮದಲ್ಲಿಯೂ ಪ್ರಾಮಾಣಿಕತೆಯಲ್ಲಿಯೂ, ಬಂದುದನ್ನು ದಾಸೋಹಕ್ಕೆ ಸಲ್ಲಿಸುವದರಲ್ಲಿಯೂ ಇದೆಯೆಂದು ಶರಣರು ತಿಳಿದರೇ ಹೊರತು ಉಪಕರಣದಲ್ಲಿ ಇದೆಯೆಂದು ತಿಳಿಯಲಿಲ್ಲ. ಹಾಗಿದ್ದ ಮೇಲೆ ಉಪಯೋಗವಿಲ್ಲದ ಉಪಕರಣವನ್ನು ಮಾರುವದರಲ್ಲಿ ಪಾಪವಿಲ್ಲ. ಇದನ್ನು ಅಜ್ಜಾರಿಗೆ ನಾನು ಅಂದೇ ಹೇಳಬೇಕಾಗಿದ್ದಿತು. ಹೊಟೇಲಿನ ಬಾಗಿಲಲ್ಲಿ ಕೆರೂರಿನ ರಾಟಿ ನಿಂತರೆ ಅದಕ್ಕೆ ಅವಮಾನವೂ ಇಲ್ಲ, ಗೌರವವೂ ಇಲ್ಲ. ನನಗೆ ವೈಯಕ್ತಿಕವಾಗಿ ಅದು ಸೇರುವದಿಲ್ಲ, ಆದರೆ ನನಗೆ ಸೇರದಿರುವದೆಲ್ಲವೂ ಪಾಪವಲ್ಲ.

ಹಾಗಾದರೆ ಎಲ್ಲರೂ ಮಾರಿಬಿಡಲಿ ಎನ್ನೋಣವೇ? ಅಲ್ಲಿ ಒಂದು ತೊಡಕುಂಟು. ಮಹಾತ್ಮಾ ಗಾಂಧಿಯವರು ತಮ್ಮ ಆತ್ಮಕಥೆಯಲ್ಲಿ ಬರೆದಿರುವಂತೆ, ಅವರು ‘ಹಿಂದ್ ಸ್ವರಾಜ್’ ಬರೆಯುವಾಗ ಮಗ್ಗವನ್ನಾಗಲಿ ರಾಟಿಯನ್ನಾಗಲಿ ಕಣ್ಣಿಂದ ಕಂಡಿರಲಿಲ್ಲ. ಹಿಂದೂಸ್ಥಾನಕ್ಕೆ ಬಂದ ಮೇಲೆ ರಾಟಿಗಾಗಿ ಹುಡುಕಿದರು, ಎಲ್ಲಿಯೂ ದೊರೆಯಲಿಲ್ಲ. ಕೊನೆಗೆ ಗಂಗಾಬೆನ್ ಎಂಬ ವಿಧವೆಯೊಬ್ಬಳು ಊರೂರು ಅಲೆದು ಬಡೋದೆ ಸಂಸ್ಥಾನದ ವಿಜಾಪುರದಲ್ಲಿ ಕಂಡುಹಿಡಿದಳು. ಅಲ್ಲಿ ಅನೇಕರ ಮನೆಯ ಅಟ್ಟದ ಮೇಲೆ ಬೇಡದ ಕಟ್ಟಿಗೆಯಂತೆ ರಾಟಿಗಳು ಬಿದ್ದಿದ್ದವು. ಅವು ಅಟ್ಟದಲ್ಲಿ ಇಲ್ಲದಿದ್ದರೆ ಖಾದಿಯ ಚರಿತ್ರೆ ಇನ್ನೂ ತಡವಾದೀತು. 1924ರ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಸದಸ್ಯರಾಗುವವರು ತಿಂಗಳಿಗೆ 2,000 ಗಜ ನೂಲು ಕೊಡಬೇಕೆಂಬ ನಿಯಮವಾಯಿತು. ನಮ್ಮ ಜಿಲ್ಲೆಗಳ ವಕೀಲರೂ ಮಾಸ್ತರರೂ ನೂಲಲು ಕುಳಿತರು. ನಿಯಮವು ಮರುವರ್ಷವೇ ಸಡಿಲಾಯಿತು, ತೋಳು ಸೋತಿರಬೇಕು.

ಅಟ್ಟದಲ್ಲಿಡಿರೆಂದು ನಾನು ಹೇಳಿದುದಕ್ಕೆ ಈ ಕಥೆಯು ಬೆಂಬಲವೆಂದು ಮೊದಲು ನನಗೂ ತೋರಿತು. ಆದರೆ ಅದರ ಉಳಿದ ಭಾಗವನ್ನು ಓದಬೇಕು. ಆ ಊರಿನವರು ಹೇಳಿದುದಿಷ್ಟು: ಹಂಜಿಯನ್ನು ತಪ್ಪದೆ ಒದಗಿಸುವದಾದರೆ, ನೂತದ್ದನ್ನು ಕೊಳ್ಳುವದಾದರೆ, ನಾವು ಮತ್ತೆ ನೂಲುವೆವು. ಅಟ್ಟದಲ್ಲಿ ರಾಟಿಯಿದ್ದಿತು, ಮನೆಯಲ್ಲಿ ನೂಲಬಲ್ಲ ಕೈಯಿದ್ದಿತು, ಹೊರಗೆ ಕೊಳ್ಳುವವನು ದೊರೆತನು. ಮೂರೂ ಕೂಡಿದ್ದರಿಂದ ಚಕ್ರ ತಿರುಗಿತು. ಮರವೊಂದೇ ಉಳಿದು ಕೈಯ ಅರಿವು ಹೋದ ಮೇಲೆ ಉಳಿಸಿದುದರಿಂದ ಏನು? ಹಿಂತಿರುವಿನ ವಿಷಯವನ್ನು ಯಾವ ಅಡಿಹಲಗೆಯೂ ನನಗೆ ಹೇಳಿರಲಿಲ್ಲ. ತಾಯಿಯವರ ಬೆರಳು ಹೇಳಿತು. ಕೊಳ್ಳುವವನ ವಿಷಯಕ್ಕಾದರೋ ನಮ್ಮ ಜಿಲ್ಲೆಯಲ್ಲಿಯೇ ಸಾಕ್ಷಿಯಿರುವದು. ಬಾಗಲಕೋಟೆಯ ಬಳಿಯ ತುಳಸಿಗೇರಿಯಲ್ಲಿ ಕೈನೂಲಿನಿಂದ ನೇಯ್ದ ಅರಿವೆಯು ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ರಾಷ್ಟ್ರಧ್ವಜವಾಗುವದು. ಬೆಂಗೇರಿಯ ಖಾದಿ ಸಂಘವು 1957ರಲ್ಲಿ ಸ್ಥಾಪಿತವಾದುದು. ಧ್ವಜಕ್ಕೆ ಕೈನೂಲು, ಕೈನೇಯ್ಗೆಯೇ ಆಗಬೇಕೆಂಬ ಕಟ್ಟಳೆಯೇ ಆ ಹೆಣ್ಣುಮಕ್ಕಳ ಅನ್ನಕ್ಕೆ ಆಧಾರವಾಗಿದ್ದಿತು. 2021ರ ಡಿಸೆಂಬರದಲ್ಲಿ ಧ್ವಜಸಂಹಿತೆಯನ್ನು ತಿದ್ದಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಕ್ಕೂ ಅವಕಾಶ ಕೊಟ್ಟರು. ಧ್ವಜವು ಅಗ್ಗವಾಗಿ ಮನೆಮನೆಗೆ ತಲುಪಿತೆಂಬುದು ನಿಜ. ನೂಲುವವಳು ಎಲ್ಲಿಗೆ ತಲುಪಿದಳೆಂಬುದನ್ನೂ ಕೇಳಬೇಕಷ್ಟೆ.

ಮಗನ ವಿದ್ಯುತ್ ಮಗ್ಗಗಳ ವಿಷಯವಾಗಿಯೂ ಎರಡು ಮಾತು. ಅವನು ತಲೆತಗ್ಗಿಸಿ ಕುಳಿತದ್ದು ನನಗೆ ನೆನಪಾಗುತ್ತಲೇ ಇರುವದು. ಅವನ ದುಡಿಮೆ ಕಾಯಕವಲ್ಲವೇ? ಖಂಡಿತವಾಗಿಯೂ ಹೌದು. ಹಗ್ಗವನ್ನೆಳೆಯುವ ಲಾಳಿ ಬಂದಾಗ ಕೈಲಾಳಿಯವನಿಗೂ ಇದೇ ಸಂಶಯ ಬಂದಿರಬೇಕು. ಆದರೆ ಒಂದು ಗೆರೆಯುಂಟು. ಕೈಮಗ್ಗಕ್ಕೆಂದು ಕೆಲವು ಬಗೆಯ ಬಟ್ಟೆಗಳನ್ನು ಕಾದಿಡುವ ಕಾನೂನು 1985ರಲ್ಲಿ ಬಂದಿತು. ಮೊದಲು 22 ಬಗೆಗಳಿದ್ದವು, ಬಳಿಕ 11ಕ್ಕೆ ಇಳಿದವು. ಆ ಕಾನೂನಿಗೆ ಕಣ್ಣು ತಪ್ಪಿಸಿ ಯಂತ್ರದ ಸೀರೆಯನ್ನು ಕೈಮಗ್ಗದ್ದೆಂದು ಹೇಳಿ ಮಾರುವವರು ಉಂಟು. ಅಲ್ಲಿ ಯಂತ್ರ ತಪ್ಪಲ್ಲ, ಹೆಸರು ತಪ್ಪು. ಆಯ್ದಕ್ಕಿ ಲಕ್ಕಮ್ಮನು ಗಂಡನು ತಂದ ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿದು ಬರಲು ಕಳುಹಿದುದು ಅಕ್ಕಿಯಲ್ಲಿ ದೋಷವಿತ್ತೆಂದಲ್ಲ. ಅವರ ಪಾಲಿಗಿಂತ ಹೆಚ್ಚಾಗಿತ್ತು. ಯಂತ್ರದ ಸೀರೆಯನ್ನು ಯಂತ್ರದ ಬೆಲೆಗೆ ಮಾರುವವನು ತನ್ನ ಪಾಲಿನ ಅಕ್ಕಿಯನ್ನು ತಂದವನು. ಕೈಮಗ್ಗದ ಬೆಲೆಗೆ ಮಾರುವವನ ಉಡಿಯಲ್ಲಿ ಇನ್ನೊಬ್ಬನ ಅಕ್ಕಿಯಿದೆ. ಇದನ್ನು ಆ ಹುಡುಗನಿಗೆ ಹೇಳಿದಾಗ, “ನಾ ಹಂಗ ಮಾರಂಗಿಲ್ರಿ ಗುರುಗಳ, ಮಾರವ್ರ ನಡುವ ಹೆಂಗ ನಿಲ್ಲೂದು ಅದನ್ನ ಹೇಳ್ರಿ” ಎಂದನು. ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನನಗೇ ತೃಪ್ತಿಯಾಗಲಿಲ್ಲವಾದುದರಿಂದ ಇಲ್ಲಿ ಬರೆಯುವದಿಲ್ಲ.

ತಾಯಿಯವರ ಪ್ರಶ್ನೆಗೆ ಬರುವೆನು. ವಹಿಯಲ್ಲಿ ಹೆಸರಿಲ್ಲದ ಕೆಲಸವು ಕಾಯಕವೇ? ಮಾಡಿದವಳ ಮಟ್ಟಿಗೆ ಅದು ಕಾಯಕವೇ; ಸಂದೇಹವಿಲ್ಲ. ಆದರೆ ಕೂಲಿಯನ್ನು ಕೈಗೆ ತೆಗೆದುಕೊಂಡು ದಾಸೋಹ ಮಾಡಿದೆನೆಂದು ಹೇಳಿಕೊಳ್ಳುವ ಮನೆಯೊಡೆಯನು, ಅದರಲ್ಲಿ ಎಷ್ಟು ಪಾಲು ತನ್ನದು, ಎಷ್ಟು ಪಾಲು ರಾಟಿಯ ಬಳಿ ಕುಳಿತವಳದು ಎಂದು ಎಣಿಸಿದ್ದಾನೆಯೇ? ಎಣಿಸದೆ ಕೊಟ್ಟ ದಾಸೋಹವು ಅರ್ಧ ಅವಳ ಹೆಸರಿನಲ್ಲಿ ಆಗಬೇಕಾಗಿದ್ದುದು. ಮಠಕ್ಕೆ ಬಂದ ಕಾಣಿಕೆಯ ಪಾವತಿಯಲ್ಲಿಯೂ ಗಂಡಸರ ಹೆಸರೇ ಇರುವದು. ಆ ಪಾವತಿಗಳನ್ನು ಅನೇಕ ವರ್ಷ ಬರೆದವನು ನಾನೇ. ಆದುದರಿಂದ ಈ ಮಾತನ್ನು ಇತರರಿಗೆ ಹೇಳುವ ಮೊದಲು ನನಗೆ ಹೇಳಿಕೊಳ್ಳುತ್ತಿರುವೆನು. ಮಗ್ಗವನ್ನು ಮಾರುವದು ಪಾಪವೋ ಅಲ್ಲವೋ ಎಂದು ಅಜ್ಜಾರು ಹೆದರಿದರು. ಐವತ್ತು ವರ್ಷ ಕಂಡಿಕೆ ಸುತ್ತಿದವಳಿಗೆ ಒಂದು ದಿನವೂ ಲೆಕ್ಕ ಕೊಡದಿದ್ದುದಕ್ಕೆ ಅವರಾಗಲಿ ನಾನಾಗಲಿ ಹೆದರಿರಲಿಲ್ಲ.

ಕಾರ್ತಿಕ ಮಾಸದಲ್ಲಿ ಮತ್ತೊಮ್ಮೆ ಕೆರೂರಿಗೆ ಹೋಗಿದ್ದೆನು. ಅಜ್ಜಾರ ಬಳಿ ಕುಳಿತು, ಹಿಂದೆ ಹೇಳಿದುದು ತಪ್ಪಾಯಿತೆಂದೂ, ಮಾರಬೇಕೆನಿಸಿದರೆ ಮಾರಲು ಅಡ್ಡಿಯಿಲ್ಲವೆಂದೂ, ಆದರೆ ರಾಟಿಯ ವಿಷಯದಲ್ಲಿ ಕೇಳಬೇಕಾದುದು ಅಮ್ಮನವರನ್ನೆಂದೂ ತಿಳಿಸಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದು, ಒಳಗೆ ಮುಖ ಮಾಡಿ, “ಏನ ಮಾಡೂಣು?” ಎಂದು ಕೇಳಿದರು. ಆ ಮನೆಯಲ್ಲಿ ಇಂಥ ವಿಷಯವನ್ನು ಹಾಗೆ ಕೇಳಿದ್ದು ಅದೇ ಮೊದಲೆಂದು ಮೊಮ್ಮಗಳು ಆಮೇಲೆ ನನಗೆ ಹೇಳಿದಳು.

ಮಗ್ಗದ ಮರವನ್ನು ಕೊಟ್ಟುಬಿಡಲು ತಾಯಿಯವರು ಒಪ್ಪಿದರು. ಅದರಿಂದ ಬಂದುದರಲ್ಲಿ ಅರ್ಧವನ್ನು ತಮ್ಮ ಕೈಗೆ ತೆಗೆದುಕೊಂಡರು. ಅದನ್ನು ಏನು ಮಾಡಿದರೆಂದು ನಾನು ಕೇಳಲಿಲ್ಲ. ರಾಟಿಯನ್ನು ಮಾತ್ರ ಕೊಡಲಿಲ್ಲ. ನಮ್ಮ ಶಾಲೆಯ ಎಂಟನೆಯ ಇಯತ್ತೆಯ ಇಬ್ಬರು ಹುಡುಗಿಯರೂ ಒಬ್ಬ ಹುಡುಗನೂ ಈಗ ರವಿವಾರಕ್ಕೊಮ್ಮೆ ಅಲ್ಲಿಗೆ ಹೋಗಿ ಕಲಿಯುತ್ತಿರುವರು. ಕಲಿಸಿದುದಕ್ಕೆ ತಾಯಿಯವರಿಗೆ ಗೌರವಧನವನ್ನು ಕೊಡುವದಾಗಿ ಮಠದಿಂದ ಒಪ್ಪಿಗೆ ದೊರೆತಿದೆ. ಪಾವತಿಯನ್ನು ಅವರ ಹೆಸರಿನಲ್ಲಿಯೇ ಬರೆದೆನು. ಅವರು ಹೆಬ್ಬೆಟ್ಟು ಒತ್ತಲು ಒಪ್ಪದೆ, ಮೊಮ್ಮಗಳಿಂದ ಕಲಿತು ನಾಲ್ಕಕ್ಷರ ರುಜು ಮಾಡಿದರು. ಅರಳೆಯನ್ನು ತುಳಸಿಗೇರಿಯ ಕಡೆಯಿಂದ ತರಿಸಿದ್ದಾಗಿದೆ. ಕದಿರು ಮಾತ್ರ ತುಸು ಡೊಂಕಾಗಿದ್ದು, ತಿರುಗುವಾಗ ತುದಿ ನಡುಗಿ ಎಳೆ ಹರಿಯುತ್ತಿರುವದರಿಂದ, ಕಮ್ಮಾರರಲ್ಲಿ ಕೊಟ್ಟಿದೆ. ಬರುವ ಸೋಮವಾರ ಕೊಡುವೆನೆಂದಿರುವರು.